ಟೊಪ್ಪಿಗೆ ಕೊಳ್ಳುವ ಮೊದಲು ತಲೆ ಅಳೆದುಕೋ

ತಮ್ಮಾ, ನಿನ್ನೆ ರಾತ್ರಿ ನೀನು ಮನೆಯ ಗುಂಪಿನಲ್ಲಿ ಹಾಕಿದ ಎರಡು ಚಿತ್ರಗಳನ್ನು ಬೆಳಿಗ್ಗೆ ಕನ್ನಡಕ ಹಾಕಿಕೊಂಡು ಸರಿಯಾಗಿ ನೋಡಿದೆ. ನೀನು ಹೇಳುವಂತೆ ಒಂದು ಕರಿಯ ಫೆಡೋರಾ, ಇನ್ನೊಂದು ಬಿಳಿಯ ಪನಾಮಾ, ಎರಡೂ ಸುತ್ತಲೂ ಅಂಚಿರುವ ಟೊಪ್ಪಿಗೆಗಳು. "ನವಲಗುಂದ, ಅಣ್ಣಿಗೇರಿ ಕಡೆ ಹೊಲ ಹೊಲ ಅಡ್ಡಾಡುವ ಕೆಲಸ, ನೆತ್ತಿ ಕಾಯುತ್ತದೆ, ಮದುವೆ ಸಮಾರಂಭಕ್ಕೂ ಆಗಬೇಕು, ಮಾಮಾ, ಇವುಗಳಲ್ಲಿ ಯಾವುದನ್ನು ಕೊಳ್ಳಲಿ" ಎಂದು ಕೇಳಿದ್ದೀಯ. ಅದರ ಕೆಳಗೆ ನಮ್ಮ ಅಕ್ಕ, ಅಂದರೆ ನಿನ್ನ ದೊಡ್ಡವ್ವ, "ಯಾರಿಗೆ ಟೋಪಿ ಹಾಕಲು ಹೊರಟಿದ್ದೀಯೋ" ಎಂದು ಬರೆದಿದ್ದಾಳೆ. ಅದಕ್ಕೆ ನಾಚಿಕೊಂಡು ಚಿತ್ರಗಳನ್ನು ಅಳಿಸಬೇಡ. ನೀನು ಕೇಳಿದ್ದು ಒಳ್ಳೆಯ ಪ್ರಶ್ನೆ. ನಾನು ಸುಮಾರು ಮೂವತ್ತು ವರ್ಷದಿಂದ ಟೊಪ್ಪಿಗೆ ಹಾಕುತ್ತಿರುವವನು, ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನಲ್ಲಿ ಕುಳಿತಾಗ ಪೂರ್ತಿ ಕೇಳು.

ಯಾವುದು ಎಂಬ ಮಾತು ಆಮೇಲೆ. ನಿನ್ನ ತಲೆಯ ಅಳತೆ ಎಷ್ಟು? ಅದನ್ನು ನೀನು ಎಲ್ಲಿಯೂ ಬರೆದಿಲ್ಲ. ಅಂಗಿ ಕೊಂಡಂತೆ 'ಎಂ', 'ಎಲ್' ಎಂಬ ಅಕ್ಷರ ನೋಡಿ ಟೊಪ್ಪಿಗೆ ಕೊಳ್ಳಲು ಬರುವುದಿಲ್ಲ. ಅಂಗಿ ಒಂದು ಬೆರಳು ಸಡಿಲಾದರೆ ಯಾರ ಕಣ್ಣಿಗೂ ಬೀಳದು. ಟೊಪ್ಪಿಗೆ ಒಂದು ಸೆಂಟಿಮೀಟರ್ ಸಡಿಲಾದರೆ ಉಣಕಲ್ ಕೆರೆಯ ದಂಡೆಯ ಮೊದಲ ಗಾಳಿಗೇ ಹಾರಿಹೋಗುತ್ತದೆ, ಒಂದು ಸೆಂಟಿಮೀಟರ್ ಬಿಗಿಯಾದರೆ ಅರ್ಧ ತಾಸಿನಲ್ಲಿ ಹಣೆ ಸಿಡಿಯತೊಡಗುತ್ತದೆ.

ದರ್ಜಿಯ ಹತ್ತಿರ ಇರುವಂಥ ಮೆತ್ತನೆಯ ಟೇಪು ತೆಗೆದುಕೋ. ಮುಂದೆ ಹಣೆಯ ನಡುವೆ, ಬದಿಯಲ್ಲಿ ಕಿವಿಗಳಿಂದ ಒಂದು ಬೆರಳು ಮೇಲೆ, ಹಿಂದೆ ತಲೆ ಉಬ್ಬಿರುವ ಜಾಗದ ಮೇಲೆ ಹಾಯುವಂತೆ ಸುತ್ತು. ಎಳೆದು ಬಿಗಿಯಬೇಡ. ಟೇಪು ಸಿಗದಿದ್ದರೆ ಹೂ ಕಟ್ಟುವ ದಾರ ಸುತ್ತಿ, ಆ ದಾರವನ್ನು ಅಳತೆಪಟ್ಟಿಯ ಮೇಲೆ ಹಿಡಿದು ನೋಡು. ಮೂರು ಸಲ ಅಳೆ. ಮೂರೂ ಬೇರೆ ಬೇರೆ ಬಂದರೆ ದೊಡ್ಡದನ್ನು ಹಿಡಿ. 57 ಮತ್ತು 58 ಸೆಂಟಿಮೀಟರಿನ ನಡುವೆ ನಿಂತರೆ 58ರದು ಕೊಳ್ಳು. ಸಡಿಲಾದ ಟೊಪ್ಪಿಗೆಯ ಒಳಪಟ್ಟಿಯ ಹಿಂದೆ ತೆಳುವಾದ ಫೋಮ್ ಪಟ್ಟಿ ಸೇರಿಸಿ ಸರಿಪಡಿಸಬಹುದು, ಬಿಗಿಯಾದುದನ್ನು ಹಿಗ್ಗಿಸುವುದು ಬಲು ಕಷ್ಟ. ಹೊರದೇಶದ ಟೊಪ್ಪಿಗೆಗಳ ಮೇಲೆ 7¼ ಎಂಬಂಥ ಸಂಖ್ಯೆ ಇರುತ್ತದೆ. ತಲೆ ಪೂರ್ತಿ ದುಂಡಗಿದೆ ಎಂದುಕೊಂಡು ಅದರ ಅಡ್ಡಳತೆಯನ್ನು ಇಂಚಿನಲ್ಲಿ ಹೇಳುವ ಪದ್ಧತಿ ಅದು. 58 ಸೆಂಟಿಮೀಟರ್ ತಲೆಗೆ ಅಮೆರಿಕದ ಲೆಕ್ಕದಲ್ಲಿ 7¼, ಬ್ರಿಟನ್ನಿನ ಲೆಕ್ಕದಲ್ಲಿ 7⅛. ಸೆಂಟಿಮೀಟರ್ ಬರೆದಿರುವ ಅಂಗಡಿಯನ್ನೇ ಆರಿಸಿಕೊಂಡರೆ ಈ ಗೊಂದಲ ಇಲ್ಲ.

ಇನ್ನೊಂದು ಮಾತು. ಅಳತೆ ಸರಿಯಿದ್ದೂ ಹಣೆಗೆ ಮತ್ತು ಹಿಂದಲೆಗೆ ಒತ್ತುತ್ತಾ, ಕಿವಿಗಳ ಮೇಲೆ ಮಾತ್ರ ಸಡಿಲಾಗಿ ನಿಂತರೆ ತಲೆ ಉದ್ದನೆಯದು ಎಂದು ಅರ್ಥ. ನಮ್ಮ ಮನೆತನದಲ್ಲಿ ಅದು ಇದೆ; ನಿನ್ನ ಅವ್ವನ ತಲೆಯೂ ಹಾಗೆಯೇ ಇದೆ. ಅಂಥವರು ಅರ್ಧ ಅಳತೆ ದೊಡ್ಡದನ್ನು ಕೊಂಡು ಬದಿಗಳಲ್ಲಿ ಪಟ್ಟಿ ಸೇರಿಸಿಕೊಳ್ಳುವುದು ಲೇಸು.

ಈಗ ನಿನ್ನ ಕರಿಯ ಟೊಪ್ಪಿಗೆಗೆ ಬರುತ್ತೇನೆ. ಅದು ಫೆಡೋರಾ ಅಲ್ಲ, ತಮ್ಮಾ. ಅಂಚು ನಾಲ್ಕು ಸೆಂಟಿಮೀಟರ್ ಎಂದು ಚಿತ್ರದ ಕೆಳಗೆ ಬರೆದಿದೆ, ಹಿಂಬದಿಯ ಅಂಚು ಮೇಲಕ್ಕೆ ಮಡಚಿಕೊಂಡಿದೆ. ಅದಕ್ಕೆ ಟ್ರಿಲ್ಬಿ ಎನ್ನುತ್ತಾರೆ. ಫೆಡೋರಾದ ಅಂಚು ಆರು ಸೆಂಟಿಮೀಟರಿನ ಆಸುಪಾಸು ಇದ್ದು, ಮುಂದೆ ಸ್ವಲ್ಪ ಕೆಳಗೆ ಬಾಗುತ್ತದೆ. ನಿನ್ನದು ಅಗಲವಾದ ಮುಖ, ಅಗಲವಾದ ಹೆಗಲು. ಅದರ ಮೇಲೆ ಕಿರಿದಂಚಿನ ಟ್ರಿಲ್ಬಿ ಇಟ್ಟರೆ ಚಿಕ್ಕ ಹುಡುಗನ ಟೊಪ್ಪಿಗೆಯನ್ನು ಕಸಿದು ಹಾಕಿಕೊಂಡಂತೆ ಕಾಣುತ್ತದೆ. ಅದರ ನೆತ್ತಿಯ ಭಾಗ ನಿನ್ನ ಕೆನ್ನೆಯ ಎಲುಬುಗಳಿಗಿಂತ ಕಿರಿದಾಗಿರಬಾರದು ಎಂಬುದನ್ನು ನೆನಪಿಡು.

ಅದು ಉಣ್ಣೆಯ ಫೆಲ್ಟಿನದು ಎಂದೂ ಬರೆದಿದೆ. ಫೆಲ್ಟ್ ಎಂದರೆ ನೇಯ್ದದ್ದಲ್ಲ. ರಾಣೆಬೆನ್ನೂರು ಕಡೆಯ ಕಂಬಳಿಯಲ್ಲಿ ಹಾಸು ಹೊಕ್ಕು ಕಾಣುತ್ತವೆ. ಫೆಲ್ಟಿನಲ್ಲಿ ಉಣ್ಣೆಯನ್ನೋ, ಮೊಲ ಇಲ್ಲವೆ ಬೀವರ್ ಎಂಬ ಪ್ರಾಣಿಯ ತುಪ್ಪಳವನ್ನೋ ಬಿಸಿನೀರು, ಹಬೆ, ಒತ್ತಡಕ್ಕೆ ಕೊಟ್ಟು ಎಳೆಯೊಳಗೆ ಎಳೆ ಸಿಕ್ಕಿ ಗಟ್ಟಿಯಾಗುವಂತೆ ಮಾಡುತ್ತಾರೆ. ಸ್ವೆಟರನ್ನು ಕುದಿಯುವ ನೀರಿನಲ್ಲಿ ತೊಳೆದರೆ ದಪ್ಪಗಾಗಿ ಕುಗ್ಗುತ್ತದಲ್ಲ, ಅದೇ ಗುಣ. ಇಟಲಿಯಲ್ಲಿ 1857ರಲ್ಲಿ ಶುರುವಾದ ಬೋರ್ಸಲಿನೋ, ಅಮೆರಿಕದಲ್ಲಿ 1865ರಲ್ಲಿ ಶುರುವಾದ ಸ್ಟೆಟ್ಸನ್ ಹೆಸರು ಗಳಿಸಿದ್ದು ತುಪ್ಪಳದ ಫೆಲ್ಟಿನಿಂದ. ಅದು ಹಗುರ, ಆಕಾರ ಬಿಡುವುದಿಲ್ಲ, ಬೆಲೆ ಮಾತ್ರ ಬಹಳ. ಉಣ್ಣೆಯದು ಅಗ್ಗ, ಆದರೆ ಧಾರವಾಡದ ಜಿಟಿಜಿಟಿ ಮಳೆಯಲ್ಲಿ ತೊಯ್ದರೆ ಜೋತು ಬೀಳುತ್ತದೆ. ಯಾವ ಫೆಲ್ಟೇ ಆಗಲಿ, ಚಳಿಗೆ ಹುಟ್ಟಿದ ವಸ್ತು. ಸಾಧನಕೇರಿಯ ಕಡೆ ಡಿಸೆಂಬರ್ ಬೆಳಗಿನಲ್ಲಿ ಅಡ್ಡಾಡುವಾಗ ನನಗೆ ಅದಕ್ಕಿಂತ ಸುಖವಾದದ್ದು ಬೇರೆ ಇಲ್ಲ. ಏಪ್ರಿಲ್ ತಿಂಗಳಿನಲ್ಲಿ ಎರೆ ಹೊಲದ ನಡುವೆ, ಒಂದು ಬೇವಿನ ಮರವೂ ಇಲ್ಲದ ಕಡೆ, ತಲೆಯ ಮೇಲೆ ಕರಿಯ ಉಣ್ಣೆ ಹೊತ್ತುಕೊಂಡು ನಿಲ್ಲುತ್ತೀಯಾ? ಅದನ್ನು ಬಿಟ್ಟುಬಿಡು. ಮುಂದೆ ಎಂದಾದರೂ ಫೆಲ್ಟಿನದು ಕೊಂಡರೆ ಬೂದು ಇಲ್ಲವೆ ಕಂದು ಬಣ್ಣದ್ದು ಇರಲಿ. ಕರಿಯದರ ಮೇಲೆ ನಮ್ಮ ಕಡೆಯ ಧೂಳು ಒಂದೇ ದಿನದಲ್ಲಿ ಎದ್ದು ಕಾಣುತ್ತದೆ.

ಹಾಗಾದರೆ ಬಿಳಿಯದು? ಜಾತಿ ಸರಿ, ಆದರೆ ನೀನು ಹಾಕಿದ ಚಿತ್ರದ್ದು ಬೇಡ. ನಿಜವಾದ ಪನಾಮಾ ಟೊಪ್ಪಿಗೆ ಪನಾಮಾ ದೇಶದ್ದಲ್ಲ, ಈಕ್ವೆಡಾರ್ ದೇಶದ್ದು. ಅಲ್ಲಿ ಟೊಕಿಲ್ಲಾ ಎಂಬ, ನೋಡಲು ತಾಳೆಯಂತಿರುವ ಗಿಡದ ಎಳೆಯ ಎಲೆಗಳನ್ನು ಸೀಳಿ, ಕುದಿಸಿ, ಒಣಗಿಸಿ, ಆ ಎಳೆಗಳಿಂದ ಕೈಯಲ್ಲಿಯೇ ನೇಯುತ್ತಾರೆ. ಆ ನೇಯ್ಗೆಯ ವಿದ್ಯೆಯನ್ನು 2012ರಲ್ಲಿ ಯುನೆಸ್ಕೋ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಪನಾಮಾ ಮೂಲಕ ಜಗತ್ತಿಗೆ ಮಾರಾಟವಾಗುತ್ತಿದ್ದ ಕಾರಣ ಆ ಹೆಸರು ಅಂಟಿತು. 1906ರಲ್ಲಿ ಅಮೆರಿಕದ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಪನಾಮಾ ಕಾಲುವೆಯ ಕೆಲಸ ನೋಡಲು ಹೋದಾಗ ಅದನ್ನು ಹಾಕಿಕೊಂಡಿದ್ದು ಹೆಸರನ್ನು ಇನ್ನಷ್ಟು ಗಟ್ಟಿ ಮಾಡಿತು. ನೇಯ್ದವರ ಊರಿನ ಹೆಸರು ಮಾತ್ರ ಹಿಂದೆ ಉಳಿಯಿತು. ನಮ್ಮ ಬೆಟಗೇರಿಯ ನೇಕಾರರ ಸೀರೆಯನ್ನು ಯಾರಾದರೂ ಬೇರೆ ಊರಿನ ಹೆಸರಿನಲ್ಲಿ ಮಾರಿದರೆ ನಮಗೆ ಹೇಗಾದೀತು, ಹಾಗೆ ನನಗೆ ಆಗುತ್ತದೆ.

ನಿಜವಾದದ್ದನ್ನು ಗುರುತಿಸುವುದು ಸುಲಭ. ನೆತ್ತಿಯ ನಡುವಿನಿಂದ ನೇಯ್ಗೆ ಸುತ್ತಲೂ ಹರಡಿಕೊಂಡು ಬಂದಿರುತ್ತದೆ, ಎಲ್ಲಿಯೂ ಹೊಲಿಗೆ ಇರುವುದಿಲ್ಲ. ಉದ್ದನೆಯ ಜಡೆಯಂಥ ಪಟ್ಟಿಯನ್ನು ಸುರುಳಿ ಸುತ್ತಿ ಯಂತ್ರದಲ್ಲಿ ಹೊಲಿದದ್ದು ಕಂಡರೆ ಅದು ಬೇರೆ. ನಿನ್ನ ಚಿತ್ರದ ವಿವರದಲ್ಲಿ ಸಣ್ಣ ಅಕ್ಷರದಲ್ಲಿ 'ಪೇಪರ್' ಎಂದಿದೆ, ಹಿಗ್ಗಿಸಿ ನೋಡು. ಹುರಿ ಮಾಡಿದ ಕಾಗದ ಅದು. ನೋಡಲು ಚೆಂದ, ಮೊದಲ ಮಳೆಗೆ, ಬೆವರು ಬಹಳವಾದರೆ ಮಳೆ ಬೇಕಾಗಿಯೂ ಇಲ್ಲ, ಮೆತ್ತಗಾಗಿ ಕೆಡುತ್ತದೆ.

ನಿನ್ನ ಕೆಲಸಕ್ಕೆ ಅಂಚಿನ ಅಗಲವೇ ಮುಖ್ಯ. ಬಿಸಿಲಿಗಾಗಿ ಹಾಕುವ ಟೊಪ್ಪಿಗೆಯ ಅಂಚು ಕನಿಷ್ಠ 7.5 ಸೆಂಟಿಮೀಟರ್ ಇರಬೇಕು. ಅಷ್ಟಿದ್ದರೆ ಕಿವಿಗಳಿಗೂ ಕತ್ತಿಗೂ ನೆರಳು ಬೀಳುತ್ತದೆ. ಪೇಟೆಯ ಹುಡುಗರು ಹಾಕುವ ಕ್ರಿಕೆಟ್ ಟೋಪಿ ಮೂಗನ್ನು ಕಾಯುತ್ತದೆ, ಕಿವಿಗಳನ್ನು ಬಿಸಿಲಿಗೆ ಬಿಡುತ್ತದೆ. ಟೊಪ್ಪಿಗೆ ಎಂದರೆ ದೊಡ್ಡವರ ಷೋಕಿ ಎಂದು ಅಕ್ಕ ಅಂದುಕೊಂಡಿರಬಹುದು. ಅಕ್ಕಾ, ಇದನ್ನು ಕೇಳು. ಚಿತ್ರಗಳಲ್ಲಿ ಇಂಗ್ಲಿಷ್ ಸಾಹೇಬರ ತಲೆಯ ಮೇಲೆ ಕಾಣುವ, ಗುಂಡಗೆ ಗಟ್ಟಿಯಾಗಿರುವ ಬೌಲರ್ ಟೊಪ್ಪಿಗೆ ಕೂಡ 1849ರಲ್ಲಿ ಲಂಡನ್ನಿನಲ್ಲಿ ತಯಾರಾದದ್ದು ಬೇಟೆಯ ಕಾಡಿನ ಕಾವಲುಗಾರರಿಗಾಗಿ, ಕುದುರೆಯ ಮೇಲೆ ಹೋಗುವಾಗ ಅವರ ತಲೆಗೆ ಕೊಂಬೆ ಬಡಿಯಬಾರದು ಎಂದು. ದುಡಿಯುವವರ ತಲೆಯಿಂದ ಹುಟ್ಟಿದ ವಸ್ತು ಇದು. ನಿನ್ನ ಮಗನಂಥ ಹುಡುಗ ಬಿಸಿಲಿನಲ್ಲಿ ದುಡಿಯುತ್ತಿದ್ದಾನೆ, ಅವನಿಗೆ ಬೇಕು.

ಹಾಗಾಗಿ, ತಮ್ಮಾ, ಒಂದನ್ನೇ ಕೊಳ್ಳುವುದಾದರೆ 7.5 ಸೆಂಟಿಮೀಟರ್ ಅಂಚಿನ ಒಂದು ಟೊಕಿಲ್ಲಾ ಟೊಪ್ಪಿಗೆ ಕೊಳ್ಳು. ಹಾಲಿನ ಬಿಳಿ ಬೇಡ, ಜೋಳದ ರೊಟ್ಟಿಯಂಥ ಮಾಸಲು ಬಿಳಿ ಇರಲಿ. ಸುತ್ತಲೂ ಕಂದು ಇಲ್ಲವೆ ಕಡು ನೀಲಿ ರಿಬ್ಬನ್ ಇದ್ದರೆ ಮದುವೆಗೂ ನಡೆಯುತ್ತದೆ. ಅಷ್ಟು ಹಣ ಕೂಡುವವರೆಗೆ ಕೆಲಸಕ್ಕೆ ಹತ್ತಿ ಬಟ್ಟೆಯ ಅಗಲಂಚಿನದು ಸಾಕು. ಹುಬ್ಬಳ್ಳಿಯ ದುರ್ಗದ ಬೈಲಿನ ಪೇಟೆಯಲ್ಲಿ ಹುಡುಕಿ ಒಂದು ಕೊಂಡು ಒಂದು ವಾರ ಹಾಕಿ ನೋಡು. ಅಂಚು ಎಷ್ಟಿದ್ದರೆ ನಿನಗೆ ಅಡ್ಡಿ ಅನಿಸುವುದಿಲ್ಲ, ಜನ ನೋಡಿದಾಗ ನಿನ್ನ ಕೈ ತಲೆಗೆ ಹೋಗುತ್ತದೆಯೋ ಇಲ್ಲವೋ, ಎಲ್ಲವೂ ಆ ಒಂದು ವಾರದಲ್ಲಿ ತಿಳಿಯುತ್ತದೆ. ದುಬಾರಿಯದನ್ನು ಆಮೇಲೆ ತರಿಸು. ಬಂದ ಮೇಲೆ ಚೀಟಿ ಕೀಳದೆ ಮನೆಯೊಳಗೇ ಅರ್ಧ ತಾಸು ಹಾಕಿಕೊಂಡು ಕುಳಿತುಕೋ. ಹಣೆಯ ಮೇಲೆ ಕೆಂಪು ಗೆರೆ ಮೂಡಿದರೆ ಮರಳಿ ಕಳಿಸು.

ಬೈಕಿನ ಮೇಲೆ ಹೆಲ್ಮೆಟ್ಟೇ. ಅದರಲ್ಲಿ ಮಾತಿಲ್ಲ. ಟೊಪ್ಪಿಗೆ ಬಟ್ಟೆಯ ಚೀಲದಲ್ಲಿ ಬೆನ್ನ ಹಿಂದೆ ಬರಲಿ.

ಹಾಕಿಕೊಳ್ಳುವಾಗ ಹುಬ್ಬುಗಳಿಂದ ಒಂದೆರಡು ಬೆರಳು ಮೇಲೆ ಇರಲಿ, ನೆಟ್ಟಗೆ. ಬಲಕ್ಕೆ ಕೂದಲೆಳೆಯಷ್ಟು ವಾಲಿಸಿದರೆ ಚೆಂದ. ಹಿಂದಕ್ಕೆ ತಳ್ಳಿದರೆ ದಣಿದವನಂತೆ ಕಾಣುತ್ತೀಯ. ಗಂಡಸರ ಟೊಪ್ಪಿಗೆಯಲ್ಲಿ ರಿಬ್ಬನ್ನಿನ ಗಂಟು ಎಡಗಡೆ ಬರಬೇಕು. ತೆಗೆಯುವಾಗ ಅಂಚನ್ನು ಎರಡೂ ಕೈಯಿಂದ ಹಿಡಿ. ನೆತ್ತಿಯ ಮುಂದೆ ಎರಡು ಕಡೆ ಚಿವುಟಿದಂತಿರುವ ಕುಳಿಯನ್ನು ಹಿಡಿದು ಎತ್ತುವ ಆಸೆ ಎಲ್ಲರಿಗೂ ಆಗುತ್ತದೆ, ಟೊಪ್ಪಿಗೆ ಮೊದಲು ಸೀಳುವುದು ಅಲ್ಲಿಯೇ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿದ ದಿನ ಹಾಕಬೇಡ, ಆ ಕಲೆ ಹೋಗುವುದಿಲ್ಲ. ಹೊಲದಿಂದ ಬಂದ ಮೇಲೆ ಒಳಪಟ್ಟಿಯನ್ನು ಹೊರಗೆ ಮಗುಚಿ ನೆರಳಿನಲ್ಲಿ ಆರಲು ಬಿಡು. ಮೊಳೆಗೆ ತೂಗುಹಾಕಿದರೆ ಗುಬುಟು ಬೀಳುತ್ತದೆ. ನಾನು ಒಂದು ಚಿಕ್ಕ ತಾಮ್ರದ ಕೊಡದ ಮೇಲೆ ಇಡುತ್ತೇನೆ, ಅಂಚು ಸುತ್ತಲೂ ಏನಕ್ಕೂ ತಾಗುವುದಿಲ್ಲ. ಪನಾಮಾವನ್ನು ಸುರುಳಿ ಸುತ್ತಬಹುದು ಎಂದು ಮಾರುವವರು ಹೇಳುತ್ತಾರೆ. ನಮ್ಮ ಬೇಸಿಗೆಯ ಒಣ ಹವೆಯಲ್ಲಿ ಸುತ್ತಿದರೆ ಎಳೆ ಮುರಿಯುತ್ತದೆ, ಸುತ್ತಬೇಡ.

ನಾನು ಕೆಡಿಸಿಕೊಂಡ ಒಂದನ್ನು ಹೇಳಲೇಬೇಕು. ಬಹಳ ಆಸೆಪಟ್ಟು ಕೊಂಡ ಬೂದು ಬಣ್ಣದ ಫೆಲ್ಟ್ ಫೆಡೋರಾ, 58ರದು. ಗದಗಿನಲ್ಲಿ ಬೀಗರ ಮನೆಯ ಮದುವೆ, ಏಪ್ರಿಲ್ ತಿಂಗಳು. ಊಟಕ್ಕೆ ಹೋಗುವಾಗ ಅದನ್ನು ಕಾರಿನ ಹಿಂಬದಿಯ ಗಾಜಿನ ಕೆಳಗೆ ಇಟ್ಟೆ. ಮೂರು ತಾಸು ಬಿಟ್ಟು ಬಂದು ನೋಡಿದರೆ ಒಳಗಿನ ಚರ್ಮದ ಪಟ್ಟಿ ಕಾವಿಗೆ ಕುಗ್ಗಿತ್ತು. ಒಂದೇ ಮಧ್ಯಾಹ್ನದಲ್ಲಿ 58 ಇದ್ದದ್ದು 57 ಆಗಿತ್ತು. ಹಬೆ ಹಿಡಿದು ಹಿಗ್ಗಿಸಿ ನೋಡಿದೆ, ಮತ್ತೆ ಮತ್ತೆ ಮೊದಲಿನ ಜಾಗಕ್ಕೇ ಬಂದಿತು. ಮನಸ್ಸಿಗೆ ಬಹಳ ನೋವಾಯಿತು. ಅಂದಿನಿಂದ ಕಾರಿನಲ್ಲಿ ಟೊಪ್ಪಿಗೆ ಬಿಟ್ಟಿಲ್ಲ.

ಮದುವೆಯ ಮಾತು ಬಂದದ್ದರಿಂದ ಇದನ್ನೂ ಕೇಳು. ನಿನ್ನ ಅಜ್ಜ ತಲೆಗೆ ಬಿಳಿಯ ಪಟಗ, ಅಂದರೆ ರುಮಾಲು, ಸುತ್ತುತ್ತಿದ್ದರು. ಬೆಳಿಗ್ಗೆ ಸ್ನಾನ, ವಿಭೂತಿ, ಆಮೇಲೆ ಪಟಗ. ಹಿರಿಯರ ಮುಂದೆ, ಪಂಚರ ಮುಂದೆ ಬರಿದಲೆಯಲ್ಲಿ ನಿಲ್ಲುತ್ತಿರಲಿಲ್ಲ. ತಲೆಯ ಮೇಲೆ ಪಟಗ ಇರುವುದೇ ಮರ್ಯಾದೆ. ಯುರೋಪಿನ ಟೊಪ್ಪಿಗೆಯ ರೀತಿ ತದ್ವಿರುದ್ಧ. ಮನೆಯೊಳಗೆ ಕಾಲಿಟ್ಟರೆ, ಊಟಕ್ಕೆ ಕುಳಿತರೆ ಅದನ್ನು ತೆಗೆಯುವುದೇ ಮರ್ಯಾದೆ. ನೀನು ಯಾವುದನ್ನು ಹಾಕಿದ್ದೀಯೋ ಅದರ ರೀತಿಯನ್ನು ನಡೆಸು. ಕಲ್ಯಾಣ ಮಂಟಪದ ಬಾಗಿಲಲ್ಲಿ ತೆಗೆದು ಕೈಯಲ್ಲಿ ಹಿಡಿ. ಸಿದ್ಧಾರೂಢ ಮಠಕ್ಕೆ ಹೋದಾಗ ಚಪ್ಪಲಿ ಬಿಡುವಲ್ಲಿಯೇ ತೆಗೆ. ಬೀಗರು ಕರೆದು ಪಟಗ ಸುತ್ತಿ ಮರ್ಯಾದೆ ಮಾಡುವಾಗ ನಿನ್ನ ಟೊಪ್ಪಿಗೆ ಪಕ್ಕದವರ ಕೈಯಲ್ಲಿರಲಿ, ಪಟಗಕ್ಕೆ ತಲೆ ಬಾಗಿಸು. ಆ ಹೊತ್ತಿಗೆ ಅದಕ್ಕಿಂತ ದೊಡ್ಡದು ಯಾವುದೂ ಇಲ್ಲ.

ರವಿವಾರ ಧಾರವಾಡಕ್ಕೆ ಬಾ. ಟೇಪು ನನ್ನ ಹತ್ತಿರ ಇದೆ, ನಾನೇ ಅಳೆಯುತ್ತೇನೆ. ಗದಗಿನ ಬಿಸಿಲು ತಿಂದ ಆ ಬೂದು ಫೆಡೋರಾ ಇನ್ನೂ ಕಪಾಟಿನ ಮೇಲೆ, ಕೊಡದ ಮೇಲೆಯೇ ಇದೆ, ವಾರಕ್ಕೊಮ್ಮೆ ಬ್ರಷ್ ಮಾಡುತ್ತೇನೆ. ನಿನ್ನ ತಲೆ 57 ಬಂದರೆ ಚಳಿಗಾಲದ ಟೊಪ್ಪಿಗೆಗೆ ನೀನು ದುಡ್ಡು ಕೊಡಬೇಕಾಗಿಲ್ಲ.