ಹುಲ್ಲು ಮೇಯ್ದ ದನವೋ, ಕಾಳು ತಿಂದ ದನವೋ: ಪರಿಸರಕ್ಕೆ ಯಾವುದು ಹಗುರ?

ಚಿಗುರು (ಪ್ರಶ್ನೆ)

ಯಾರು ಏನು ತಿನ್ನಬೇಕು, ತಿನ್ನಬಾರದು ಅನ್ನೋ ಜಗಳ ಇಲ್ಲಿ ಬೇಡ, ಮೊದಲೇ ಕೈ ಮುಗಿದು ಹೇಳಿಬಿಡುತ್ತೇನೆ. ನನಗೆ ಬೇಕಿರುವುದು ಪರಿಸರದ ಲೆಕ್ಕ ಮಾತ್ರ.

ಮಾಂಸಕ್ಕಾಗಿ ದನ ಸಾಕುವುದರ ಬಗ್ಗೆ ಓದಲು ಕೂತರೆ ಎರಡು ಥರದ ಜನ ಸಿಗುತ್ತಾರೆ. ಒಬ್ಬರು, ಭೂಮಿ ಬಿಸಿಯಾಗಲು ದನಗಳೇ ಕಾರಣ, ಕಾರು ಲಾರಿ ವಿಮಾನ ಎಲ್ಲ ಸೇರಿದರೂ ಅಷ್ಟಾಗಲ್ಲ ಅನ್ನುತ್ತಾರೆ. ಇನ್ನೊಬ್ಬರು, ದನದ್ದೇನೂ ತಪ್ಪಿಲ್ಲ, ಅವನ್ನು ಸಾವಿರಗಟ್ಟಲೆ ಒಂದೇ ಕಡೆ ಕೂಡಿಹಾಕಿ ಮೆಕ್ಕೆಜೋಳ ತಿನ್ನಿಸುವುದೇ ತಪ್ಪು, ಬಯಲಲ್ಲಿ ಮೇಯಲು ಬಿಟ್ಟರೆ ಮಣ್ಣೇ ಇಂಗಾಲ ಹೀರಿಕೊಂಡು ಲೆಕ್ಕ ಚುಕ್ತಾ ಮಾಡುತ್ತದೆ ಅನ್ನುತ್ತಾರೆ. ಇಬ್ಬರ ಹತ್ತಿರವೂ ಅಂಕಿಗಳಿವೆ, ಇಬ್ಬರದೂ ದನಿ ಜೋರು.

ನನ್ನ ಪ್ರಶ್ನೆ ಇಷ್ಟೇ. ಹುಲ್ಲು ಮೇಯ್ದು ಬೆಳೆದ ದನದ ಮಾಂಸ ನಿಜಕ್ಕೂ ಪರಿಸರಕ್ಕೆ ಹಗುರವಾ, ಅಥವಾ ಅದು ಸುಮ್ನೆ ಪ್ಯಾಕೆಟ್ ಮೇಲೆ ಹಸಿರು ಬಯಲಿನ ಚಿತ್ರ ಹಾಕಿ ಮಾರುವ ಉಪಾಯವಾ? ಇನ್ನೊಂದು, ಒಂದು ಕೆಜಿ ಮಾಂಸಕ್ಕೆ 15,000 ಲೀಟರ್ ನೀರು ಅಂತ ಎಲ್ಲ ಕಡೆ ಬರೆದಿರುತ್ತಾರಲ್ಲ, ದನ ಅಷ್ಟು ನೀರು ಕುಡಿಯುತ್ತಾ? ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ಮೆಲುಕು

ದನದ ಮೇವು ನನ್ನ ಕೆಲಸದ ವಿಷಯ. ಹಾಗಾಗಿ ಹೊಟ್ಟೆಯಿಂದಲೇ ಶುರು ಮಾಡುತ್ತೇನೆ, ಬೇಜಾರಾದರೆ ಮುಂದಿನವರ ಉತ್ತರಕ್ಕೆ ಹಾರಿ.

ದನದ ಹೊಟ್ಟೆಗೆ ನಾಲ್ಕು ಭಾಗ. ಅದರಲ್ಲಿ ರೂಮೆನ್ ಅನ್ನುವುದು ಎಲ್ಲಕ್ಕಿಂತ ದೊಡ್ಡದು, ಬೆಳೆದ ದನದಲ್ಲಿ ನೂರು ಲೀಟರಿಗೂ ಜಾಸ್ತಿ ಹಿಡಿಯುತ್ತದೆ. ಒಳಗೆ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ, ಬಿಸಿ ಸುಮಾರು 39 ಡಿಗ್ರಿ, ಹುಲ್ಲು ಮೇಲುಗಡೆ ದಪ್ಪ ಪದರವಾಗಿ ತೇಲುತ್ತಿರುತ್ತದೆ. ಸೂಕ್ಷ್ಮಜೀವಿಗಳು ಅದರ ನಾರನ್ನು ಒಡೆದು ಹುದುಗಿಸುತ್ತವೆ. ಆ ಕೆಲಸದಲ್ಲಿ ಹೈಡ್ರೋಜನ್ ಹುಟ್ಟುತ್ತದೆ. ಅದು ಅಲ್ಲೇ ತುಂಬಿಕೊಂಡರೆ ಹುದುಗುವುದೇ ಕುಂಟುತ್ತದೆ. ಅದಕ್ಕೆ ಆರ್ಕಿಯಾ ಗುಂಪಿನ ಜೀವಿಗಳು ಆ ಹೈಡ್ರೋಜನ್ನನ್ನು ಕಾರ್ಬನ್ ಡೈಆಕ್ಸೈಡ್ ಜೊತೆ ಸೇರಿಸಿ ಮೀಥೇನ್ ಮಾಡುತ್ತವೆ, ಭೂಮಿಯನ್ನು ಬಿಸಿ ಮಾಡುವ ಅನಿಲ ಇದೇ. ದನ ತೇಗುತ್ತದೆ, ಮೀಥೇನ್ ಹೊರಗೆ. ಎಲ್ಲರೂ ಹೂಸಿನ ಜೋಕ್ ಮಾಡುತ್ತಾರೆ, ಆದರೆ ಶೇ 90ಕ್ಕೂ ಹೆಚ್ಚು ಹೋಗುವುದು ಬಾಯಿ ಮೂಗಿನಿಂದಲೇ.

ಬಯಲಲ್ಲಿ ಇದನ್ನು ಅಳೆಯುವುದು ನೋಡಲು ಮಜಾ. ಚಕ್ರದ ಮೇಲೆ ಒಂದು ಪೆಟ್ಟಿಗೆ ನಿಲ್ಲಿಸಿರುತ್ತಾರೆ. ದನ ಅದರೊಳಗೆ ತಲೆ ಹಾಕಿದರೆ ಕಿವಿಯ ಟ್ಯಾಗ್ ಓದಿ ಒಂದಿಷ್ಟು ತಿಂಡಿಯ ಗುಳಿಗೆ ಉದುರಿಸುತ್ತದೆ. ಅದು ತಿನ್ನುತ್ತಾ ನಿಂತ ಕೆಲವು ನಿಮಿಷ, ಒಂದು ಫ್ಯಾನ್ ಮೂತಿಯ ಸುತ್ತಲಿನ ಗಾಳಿಯನ್ನು ಎಳೆದುಕೊಂಡು ಮೀಥೇನ್ ಎಷ್ಟಿದೆ ಅಂತ ನೋಡುತ್ತದೆ. ರುಚಿ ಹತ್ತಿದ ದನ ಮತ್ತೆ ಮತ್ತೆ ಬಂದು ತಲೆ ತೂರಿಸುತ್ತದೆ. ಯಂತ್ರ ಮಾತ್ರ ಹೊತ್ತಾಗುವ ತನಕ ಒಂದು ಗುಳಿಗೆಯನ್ನೂ ಕೊಡಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ನಾರು ಜಾಸ್ತಿ ಇದ್ದಷ್ಟೂ ಹೈಡ್ರೋಜನ್ ಜಾಸ್ತಿ, ಮೀಥೇನೂ ಜಾಸ್ತಿ. ಕಾಳು ತಿಂದರೆ ಕಡಿಮೆ. ಮೇಲಾಗಿ ಕಾಳು ತಿಂದ ದನ ಒಂದೂವರೆ ವರ್ಷದ ಹೊತ್ತಿಗೆ ತೂಕ ಮುಟ್ಟುತ್ತದೆ, ಬರೀ ಹುಲ್ಲಿನದು ಎರಡು, ಎರಡೂವರೆ ವರ್ಷ ತೆಗೆದುಕೊಳ್ಳುತ್ತದೆ, ಅಷ್ಟು ದಿನವೂ ತೇಗುತ್ತಲೇ ಇರುತ್ತದೆ. ಹಾಗಾಗಿ ಒಂದು ಕೆಜಿ ಮಾಂಸಕ್ಕೆ ಮೀಥೇನ್ ಎಷ್ಟು ಅಂತ ಮಾತ್ರ ಕೇಳಿದರೆ ಗೆಲ್ಲುವುದು ಫೀಡ್‌ಲಾಟ್, ಅಂದರೆ ದನಗಳನ್ನು ಕೂಡಿಹಾಕಿ ಕಾಳು ತಿನ್ನಿಸುವ ಜಾಗ. ಹುಲ್ಲಿನ ಪಕ್ಷದವರಿಗೆ ಇದು ಹಿಡಿಸಲ್ಲ.

ಆದರೆ ಫೀಡ್‌ಲಾಟ್ ದನ ಅಂದರೆ ಹುಟ್ಟಿದಾಗಿನಿಂದ ಕಾಳು ತಿಂದದ್ದು ಅಂತ ತಿಳಿಯಬೇಡಿ. ಸಾಮಾನ್ಯವಾಗಿ ಕೊನೆಯ ಕೆಲವು ತಿಂಗಳು ಮಾತ್ರ ಅದು ಅಲ್ಲಿರುತ್ತದೆ, ಅದಕ್ಕೆ ಮೊದಲು ಅದೂ ಹುಲ್ಲುಗಾವಲಲ್ಲೇ ಬೆಳೆದಿರುತ್ತದೆ. ಅದರ ತಾಯಿಯಂತೂ ವರ್ಷವಿಡೀ ಮೇಯ್ದು ಒಂದೇ ಕರು ಕೊಡುತ್ತದೆ. ಮಾಂಸದ ಹಿಂಡಿನ ಮೀಥೇನಿನಲ್ಲಿ ದೊಡ್ಡ ಪಾಲು ಈ ತಾಯಿ ದನಗಳದ್ದೇ. ಇದರ ಮೇಲೆ ಕಾಳು ಬೆಳೆಯಲು ಹಾಕಿದ ಗೊಬ್ಬರದಿಂದ ಬರುವ ನೈಟ್ರಸ್ ಆಕ್ಸೈಡ್ ಅನ್ನುವ ಇನ್ನೊಂದು ಹಸಿರುಮನೆ ಅನಿಲ, ಡೀಸೆಲ್, ಒಂದೇ ಕಡೆ ರಾಶಿ ಬೀಳುವ ಸಗಣಿ, ಇವನ್ನೆಲ್ಲ ಸೇರಿಸಿದರೆ ಎರಡು ಪದ್ಧತಿಗಳ ನಡುವಿನ ಅಂತರ ಇನ್ನೂ ತಗ್ಗುತ್ತದೆ. ಜನ ಹೊಡೆದಾಡುವಷ್ಟು ದೊಡ್ಡದಂತೂ ಅಲ್ಲ.

ತಕ್ಕಡಿ

ಸಾರಿಗೆಗಿಂತ ಜಾಸ್ತಿ ಅನ್ನುವ ಮಾತು ಎಲ್ಲಿಂದ ಬಂತು ಅಂತ ಹೇಳಿಬಿಡುತ್ತೇನೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2006ರಲ್ಲಿ ಒಂದು ವರದಿ ತಂದಿತು. ಮನುಷ್ಯರಿಂದಾಗುವ ಹಸಿರುಮನೆ ಅನಿಲಗಳಲ್ಲಿ ಶೇ 18 ಜಾನುವಾರುಗಳದ್ದು, ಇದು ಸಾರಿಗೆಗಿಂತ ಹೆಚ್ಚು ಅಂತ ಅದರಲ್ಲಿತ್ತು. ತೊಡಕು ಏನೆಂದರೆ ದನದ ಕಡೆ ಮೇವು, ಗೊಬ್ಬರ, ಕಾಡು ಕಡಿದದ್ದು ಎಲ್ಲವನ್ನೂ ಹಾಕಿದ್ದರು, ವಾಹನದ ಕಡೆ ಸುಟ್ಟ ಇಂಧನದ ಹೊಗೆ ಮಾತ್ರ. ಹೋಲಿಕೆ ಸಮ ಇಲ್ಲ ಅಂತ ಆಮೇಲೆ ಅವರೇ ಒಪ್ಪಿಕೊಂಡರು. ಅದೇ ಸಂಸ್ಥೆಯ 2013ರ ಲೆಕ್ಕ ಶೇ 14.5, 2023ರದ್ದು ಸುಮಾರು ಶೇ 12. ಇದು ಕೋಳಿ ಹಂದಿ ಕುರಿ ಹಾಲು ಎಲ್ಲ ಸೇರಿ. ದನಗಳದ್ದು, ಅಂದರೆ ಹಾಲು ಮಾಂಸ ಎರಡೂ ಸೇರಿ, 2013ರ ಲೆಕ್ಕದಲ್ಲಿ ಅದರ ಶೇ 65ರಷ್ಟು.

ಮೀಥೇನ್ ಬಗ್ಗೆ ಇನ್ನೊಂದು ವಿಷಯ ಇದೆ. ಅದು ಗಾಳಿಯಲ್ಲಿ ಹತ್ತು ಹನ್ನೆರಡು ವರ್ಷ ಇದ್ದು ಹೋಗುತ್ತದೆ. ಕಲ್ಲಿದ್ದಲಿನ ಕಾರ್ಬನ್ ಡೈಆಕ್ಸೈಡ್ ಹಾಗಲ್ಲ, ಅದರಲ್ಲಿ ಒಂದು ಪಾಲು ಸಾವಿರಾರು ವರ್ಷ ಉಳಿದುಬಿಡುತ್ತದೆ. ಹಾಗಾಗಿ ದನಗಳ ಸಂಖ್ಯೆ ಏರದೆ ಒಂದೇ ಮಟ್ಟದಲ್ಲಿ ನಿಂತರೆ ಅವುಗಳ ಮೀಥೇನ್ ಗಾಳಿಯಲ್ಲಿ ರಾಶಿಯಾಗುತ್ತಾ ಹೋಗಲ್ಲ. ಹುಟ್ಟಿದಷ್ಟು ಕಳೆಯುತ್ತಿರುತ್ತದೆ. ದನದ ಪರ ಇರುವವರು ಇದನ್ನು ಹಿಡಿದುಕೊಂಡು, ನೋಡಿ ನಮ್ಮದೇನೂ ಹೊಸ ಬಿಸಿ ಇಲ್ಲ ಅನ್ನುತ್ತಾರೆ. ಅರ್ಧ ನಿಜ. ಈಗಾಗಲೇ ಏರಿಸಿದ ಬಿಸಿ ಹಾಗೇ ಇರುತ್ತದಲ್ಲ? ಇಪ್ಪತ್ತು ವರ್ಷದ ಲೆಕ್ಕದಲ್ಲಿ ಒಂದು ಕೆಜಿ ಮೀಥೇನ್ 80 ಕೆಜಿ ಕಾರ್ಬನ್ ಡೈಆಕ್ಸೈಡಿಗೆ ಸಮ, ನೂರು ವರ್ಷದಲ್ಲಿ ಹತ್ತಿರ ಹತ್ತಿರ 27ಕ್ಕೆ. ಬೇಗ ಕಳೆಯುವುದರಿಂದಲೇ ಇಳಿಸಿದರೆ ಬೇಗ ಫಲವೂ ಕಾಣುತ್ತದೆ. 2021ರಲ್ಲಿ ಗ್ಲಾಸ್ಗೋದಲ್ಲಿ ದೇಶಗಳು ಸೇರಿ 2030ರೊಳಗೆ ಮೀಥೇನ್ ಶೇ 30 ಇಳಿಸುತ್ತೇವೆ ಅಂತ ಮಾತು ಕೊಟ್ಟದ್ದು ಇದಕ್ಕೇ.

ಹಳೇಹಾದಿ

ಹಾಗಾದ್ರೆ ಉತ್ತರ ಅಮೆರಿಕದಲ್ಲಿ ಹಿಂದೆ ಕೋಟಿಗಟ್ಟಲೆ ಬೈಸನ್ ಮೇಯ್ತಿದ್ದವಲ್ಲ, ಅವು ತೇಗ್ತಿರಲಿಲ್ವಾ? ಆಗ ಯಾಕೆ ಭೂಮಿ ಬಿಸಿಯಾಗಲಿಲ್ಲ?

ತಕ್ಕಡಿ

ತೇಗುತ್ತಿದ್ದವು. ಆದರೆ ಅವು ಮೂರರಿಂದ ಆರು ಕೋಟಿ ಇದ್ದವು ಅನ್ನುವುದು ಅಂದಾಜು. ಈಗ ಜಗತ್ತಿನಲ್ಲಿ ದನಗಳೇ 150 ಕೋಟಿ. ಜೊತೆಗೆ ಆಗ ಯಾರೂ ಕಲ್ಲಿದ್ದಲು, ಪೆಟ್ರೋಲ್ ಈ ಪರಿ ಸುಡುತ್ತಿರಲಿಲ್ಲ.

ಚಿಗುರು

ಮೆಲುಕು ಅವರೇ, ತಕ್ಕಡಿ ಅವರೇ, ಥ್ಯಾಂಕ್ಸ್. ಆದರೆ ಮಣ್ಣಿನ ಮಾತು ಯಾರೂ ಎತ್ತಲಿಲ್ಲ. ಹುಲ್ಲಿನ ಬೇರು ಇಂಗಾಲ ಹಿಡಿದಿಡುತ್ತದೆ, ದನವನ್ನು ಸರಿಯಾಗಿ ಸುತ್ತಿಸಿ ಮೇಯಿಸಿದರೆ ಎಲ್ಲ ಸರಿಹೋಗುತ್ತದೆ ಅನ್ನುವ ವಾದ ನಿಜವಾ?

ಬೇಲಿಯಾಚೆ

ಸ್ವಲ್ಪ ನಿಜ. ಬಯಲನ್ನು ತುಂಡು ತುಂಡಾಗಿ ಬೇಲಿ ಹಾಕಿ, ಒಂದು ತುಂಡಲ್ಲಿ ಸ್ವಲ್ಪ ದಿನ ಮೇಯಿಸಿ, ಹುಲ್ಲು ಚೇತರಿಸಿಕೊಳ್ಳುವ ತನಕ ಆ ಕಡೆ ಹೋಗದೆ ಇದ್ದರೆ ಬೇರು ಆಳಕ್ಕೆ ಇಳಿಯುತ್ತದೆ, ಸಗಣಿ ಎಲ್ಲ ಕಡೆ ಹರಡುತ್ತದೆ, ಮಳೆ ನೀರು ಹರಿದು ಹೋಗದೆ ಇಂಗುತ್ತದೆ. ಒಳ್ಳೆ ಬಯಲಲ್ಲಿ ಎರಡು ದಿನದ ಸಗಣಿಯನ್ನು ಕಡ್ಡಿಯಲ್ಲಿ ಮಗುಚಿ ನೋಡಿ, ಕೆಳಗೆಲ್ಲ ಸಗಣಿ ಹುಳ ಕೊರೆದ ಬೆರಳು ಗಾತ್ರದ ತೂತುಗಳಿರುತ್ತವೆ. ಗೊಬ್ಬರವನ್ನು ಮಣ್ಣಿನೊಳಗೆ ಇಳಿಸುವ ಕೂಲಿಯಾಳು ಅದೇ. ದನಕ್ಕೆ ಹೊಟ್ಟೆಹುಳಕ್ಕೆ ಐವರ್‌ಮೆಕ್ಟಿನ್ ಕೊಟ್ಟಿದ್ದರೆ ಔಷಧಿ ಸಗಣಿಯಲ್ಲೂ ಬಂದು ಈ ಹುಳಗಳ ಮರಿಗಳನ್ನು ಕೊಲ್ಲುತ್ತದೆ, ಆಗ ಸಗಣಿ ವಾರಗಟ್ಟಲೆ ಒಣಗಿ ಹಪ್ಪಳವಾಗಿ ಬಿದ್ದಿರುತ್ತದೆ. ಇದು ಪಕ್ಕದ ಮಾತಾಯಿತು, ಬಿಡಿ.

ಇಂಗಾಲದ ಲೆಕ್ಕಕ್ಕೆ ಬಂದರೆ, ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಆವರೆಗಿನ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿದರು. ಎಲ್ಲ ಚೆನ್ನಾಗಿ ನಡೆದರೂ ಮೇಯುವ ಪ್ರಾಣಿಗಳು ಬಿಡುವ ಅನಿಲದ ಶೇ 20ರಿಂದ 60ರಷ್ಟನ್ನು ಮಾತ್ರ ಮಣ್ಣು ವಾಪಸ್ ಹಿಡಿಯಬಲ್ಲದು ಅಂತ ಬಂತು. ಅದೂ ಶಾಶ್ವತವಾಗಿ ಅಲ್ಲ. ಬಳಲಿದ ಮಣ್ಣು ಕೆಲವು ದಶಕ ಇಂಗಾಲ ತುಂಬಿಕೊಳ್ಳುತ್ತದೆ, ಆಮೇಲೆ ಅದಕ್ಕೂ ಹೊಟ್ಟೆ ತುಂಬುತ್ತದೆ. ದನ ತೇಗುವುದು ಮಾತ್ರ ನಿಲ್ಲಲ್ಲ. ನಡುವೆ ಒಂದು ದೊಡ್ಡ ಬರ ಬಂದರೆ, ಅಥವಾ ಯಾರಾದರೂ ನೇಗಿಲು ಹೂಡಿದರೆ ಕೂಡಿಟ್ಟದ್ದೂ ಹೋಯಿತು.

ನನ್ನ ಪ್ರಕಾರ ಹುಲ್ಲಾ ಕಾಳಾ ಅನ್ನುವ ಪ್ರಶ್ನೆಯೇ ಚಿಕ್ಕದು. ದೊಡ್ಡದು ಜಾಗದ ಪ್ರಶ್ನೆ. ಅಮೆರಿಕದ ಜಾರ್ಜಿಯಾದಲ್ಲಿ ಸುತ್ತಿಸಿ ಮೇಯಿಸುವ ಒಂದು ತೋಟದ ಮೇಲೆ 2020ರಲ್ಲಿ ಅಧ್ಯಯನ ಬಂತು. ಮಣ್ಣಿಗೆ ಹೋದ ಇಂಗಾಲ ಸೇರಿಸಿ ನೋಡಿದರೆ ಅನಿಲ ಮಾಮೂಲಿ ಪದ್ಧತಿಗಿಂತ ಮೂರನೇ ಎರಡು ಪಾಲು ಕಡಿಮೆ ಇತ್ತು, ಎಲ್ಲರೂ ಕುಣಿದಾಡಿದರು. ಅದೇ ಅಧ್ಯಯನದಲ್ಲಿ, ಅಷ್ಟೇ ಮಾಂಸಕ್ಕೆ ಎರಡೂವರೆ ಪಟ್ಟು ಜಾಗ ಬೇಕಾಯಿತು ಅಂತಲೂ ಇತ್ತು. ಅದನ್ನು ಹೇಳಿದವರು ಕಡಿಮೆ. ಈಗ ತಿನ್ನುವಷ್ಟೇ ಮಾಂಸವನ್ನು ಎಲ್ಲರೂ ಹುಲ್ಲಿನಿಂದಲೇ ಬೇಕು ಅಂದರೆ ಆ ಜಾಗ ಎಲ್ಲಿಂದ ತರುತ್ತೀರಿ?

ಅಮೆಜಾನಿನಲ್ಲಿ ನಡೆಯುತ್ತಿರುವುದು ಇದೇ. ಅಲ್ಲಿ ಕಾಡು ಕಡಿದ ಜಾಗದ ಬಹುಪಾಲು ಕೊನೆಗೆ ಆಗುವುದು ದನದ ಹುಲ್ಲುಗಾವಲು. ಬೆಲೆಬಾಳುವ ಮರಗಳನ್ನು ಮೊದಲು ಸಾಗಿಸುತ್ತಾರೆ, ಉಳಿದದ್ದನ್ನು ಕೆಡವಿ ಒಣಗಲು ಬಿಟ್ಟು ಬೆಂಕಿ ಇಡುತ್ತಾರೆ, ಬೂದಿಯ ಮೇಲೆ ಆಫ್ರಿಕಾದಿಂದ ತಂದ ಬ್ರಾಕಿಯಾರಿಯಾ ಹುಲ್ಲಿನ ಬೀಜ ಚೆಲ್ಲುತ್ತಾರೆ, ದನ ಬಿಡುತ್ತಾರೆ. ಎಷ್ಟೋ ಕಡೆ ದನ ಬರೀ ನೆಪ, ಈ ಜಾಗ ನನ್ನದು ಅಂತ ತೋರಿಸಿಕೊಳ್ಳಲು ನಿಲ್ಲಿಸಿದ ಸಾಕ್ಷಿ. ತಮಾಷೆ ಏನೆಂದರೆ ಅವೂ ಹುಲ್ಲು ಮೇಯ್ದ ದನಗಳೇ! ಪ್ಯಾಕೆಟ್ ಮೇಲಿನ ಹಸಿರು ಚಿತ್ರ ಅವುಗಳಿಗೂ ಸುಳ್ಳಾಗಲ್ಲ.

ಹಾಗಂತ ಎಲ್ಲ ಹುಲ್ಲುಗಾವಲೂ ಕದ್ದ ಕಾಡಲ್ಲ. ಉಳಲು ಬಾರದ ಗುಡ್ಡ, ಒಣ ಬಯಲು ಜಗತ್ತಿನಲ್ಲಿ ಬೇಕಾದಷ್ಟಿವೆ. ಅಲ್ಲಿ ಮೇಯುವ ಪ್ರಾಣಿಯನ್ನು ಬಿಟ್ಟರೆ ಮನುಷ್ಯರಿಗೆ ಆಹಾರ ಹುಟ್ಟಿಸುವ ಬೇರೆ ದಾರಿ ಕಡಿಮೆ. ಅಂಥ ಕಡೆ ಅಳತೆ ಮೀರದ ಹಿಂಡು ಇದ್ದರೆ ನನ್ನದೇನೂ ತಕರಾರಿಲ್ಲ.

ನೀರುಗಂಟಿ

ನೀರಿನ ಪ್ರಶ್ನೆಗೆ ಯಾರೂ ಕೈ ಹಾಕಲಿಲ್ಲ, ನಾನು ಹೇಳ್ತೀನಿ. ಆ ಅಂಕಿ 15,415 ಲೀಟರ್, ಜಗತ್ತಿನ ಸರಾಸರಿ. ದನ ಕುಡಿದದ್ದು ಅದರಲ್ಲಿ ಚೂರು. ಶೇ 94ರಷ್ಟು ಮಳೆ ನೀರು, ಅಂದರೆ ಹುಲ್ಲು ಮತ್ತು ಮೇವಿನ ಬೆಳೆ ಹೀರಿ ಆವಿ ಮಾಡಿದ್ದು. ದನ ಇರಲಿ ಬಿಡಲಿ, ಆ ಮಳೆ ಆ ಬಯಲಿಗೆ ಬೀಳುತ್ತಿತ್ತು. ಅದಕ್ಕೇ ಒಂದು ಕೆಜಿ ಮಾಂಸ ಬಿಟ್ಟರೆ 15,000 ಲೀಟರ್ ನೀರು ಉಳಿಯಿತು ಅನ್ನುವುದು ಮೋಸದ ಲೆಕ್ಕ.

ಉಳಿದ ಚಿಕ್ಕ ಪಾಲಿದೆಯಲ್ಲ, ನದಿಯಿಂದ, ನೆಲದಡಿಯಿಂದ ಎತ್ತಿದ ನೀರು, ನೋಯುವುದು ಅಲ್ಲಿ. ಕೊಲೊರಾಡೊ ನದಿಯ ನೀರಲ್ಲಿ ದೊಡ್ಡ ಪಾಲು ಹೋಗುವುದು ಕುದುರೆಮೆಂತೆ ಥರದ ಮೇವಿನ ಬೆಳೆಗೆ. ಅಮೆರಿಕದ ನಡುಬಯಲಿನ ಒಗಲ್ಲಾಲಾ ಅಂತರ್ಜಲವನ್ನು ಮೆಕ್ಕೆಜೋಳಕ್ಕೆ ಎತ್ತಿ ಎತ್ತಿ, ಕೆಲವು ಕಡೆ ಬೋರ್‌ವೆಲ್ ಬತ್ತಿ ನೀರಾವರಿಯೇ ನಿಂತಿದೆ. ಹಾಗಾಗಿ ಎಷ್ಟು ಲೀಟರ್ ಅನ್ನುವುದಕ್ಕಿಂತ ಯಾವ ನೀರು ಅಂತ ಕೇಳಿ.

ಹಳೇಹಾದಿ

ಸಮುದ್ರದ ಪಾಚಿ ತಿನ್ನಿಸಿದರೆ ತೇಗೇ ನಿಲ್ಲುತ್ತೆ ಅಂತ ವಿಡಿಯೋ ನೋಡಿದ್ದೆ. ಅದನ್ನೇ ಎಲ್ಲ ದನಕ್ಕೂ ಹಾಕಿದ್ರೆ ಆಯ್ತಲ್ವಾ?

ಮೆಲುಕು

ನಿಲ್ಲಲ್ಲ, ಇಳಿಯುತ್ತದೆ. ಆಸ್ಪರಾಗಾಪ್ಸಿಸ್ ಅನ್ನುವ ಕೆಂಪು ಪಾಚಿ, ಅದರಲ್ಲಿನ ಬ್ರೋಮೋಫಾರ್ಮ್ ಮೀಥೇನ್ ಮಾಡುವ ಜೀವಿಗಳ ಕೈ ಕಟ್ಟುತ್ತದೆ. ಕೆಲವು ಪ್ರಯೋಗಗಳಲ್ಲಿ ಶೇ 80ರಷ್ಟು ಇಳಿದದ್ದೂ ಉಂಟು. ಬೋವೇರ್ ಅಂತ ಇನ್ನೊಂದು ಪುಡಿ ಇದೆ, ಅದಕ್ಕೆ ಐರೋಪ್ಯ ಒಕ್ಕೂಟ 2022ರಲ್ಲಿ, ಅಮೆರಿಕ 2024ರಲ್ಲಿ ಹಾಲಿನ ದನಗಳಿಗೆ ಒಪ್ಪಿಗೆ ಕೊಟ್ಟಿವೆ, ಅದು ಶೇ 30ರಷ್ಟು ಇಳಿಸುತ್ತದೆ. ಆದರೆ ಇವು ದಿನಾ ಮೇವಿನ ಜೊತೆ ಬೆರೆಸಿ ಕೊಡುವಂಥವು. ಬಯಲಲ್ಲಿ ಮೇಯುವ ದನಕ್ಕೆ ಯಾರು ದಿನಾ ಹೋಗಿ ಬೆರೆಸುತ್ತಾರೆ? ನಾನು ಆಗಲೇ ಹೇಳಿದ ತಾಯಿ ದನಗಳಿಗೆ ಇದು ತಲುಪುವುದೇ ಇಲ್ಲ, ಮೀಥೇನ್ ಜಾಸ್ತಿ ಇರುವುದೂ ಅಲ್ಲೇ.

ಚಿಗುರು

ಸರಿ, ಕೊನೆಯ ಪ್ರಶ್ನೆ. ತಿನ್ನುವವರು ಹುಲ್ಲೋ ಕಾಳೋ ಅಂತ ನೋಡುವುದು ಬಿಟ್ಟು ಏನು ನೋಡಬೇಕು?

ತಕ್ಕಡಿ

ಮೊದಲು ಎಷ್ಟು ತಿನ್ನುತ್ತೇವೆ ಅನ್ನುವುದು. 2018ರಲ್ಲಿ 119 ದೇಶಗಳ ಸುಮಾರು 38,000 ಹೊಲ ತೋಟಗಳ ಅಂಕಿ ಸೇರಿಸಿ ಮಾಡಿದ ಲೆಕ್ಕ ಇದೆ. 100 ಗ್ರಾಂ ಪ್ರೋಟೀನಿಗೆ ಮಾಂಸದ ಹಿಂಡಿನ ಬೀಫ್ ಸರಾಸರಿ 50 ಕೆಜಿ ಅನಿಲ (ಎಲ್ಲವನ್ನೂ ಕಾರ್ಬನ್ ಡೈಆಕ್ಸೈಡಿಗೆ ಸಮ ಮಾಡಿ ನೋಡಿದರೆ), ಬಟಾಣಿ ಅರ್ಧ ಕೆಜಿಯೂ ಇಲ್ಲ. ಹುಲ್ಲು ಕಾಳಿನ ಜಗಳವೆಲ್ಲ ಈ ಅಂತರದ ಮುಂದೆ ಕಾಣುವುದೇ ಇಲ್ಲ. ಹಾಲಿನ ಹಿಂಡಿನಿಂದ ಬರುವ ಬೀಫ್ 17 ಕೆಜಿ. ಅಲ್ಲಿ ತಾಯಿ ದನದ ಹೊರೆ ಹಾಲಿಗೂ ಹಂಚಿಹೋಗುತ್ತದೆ, ಅದಕ್ಕೇ ಕಡಿಮೆ.

ಬೇಲಿಯಾಚೆ

ಎರಡನೆಯದು, ಯಾವ ಜಾಗದ ದನ ಅನ್ನುವುದು. ಇದು ಪ್ಯಾಕೆಟ್ ಮೇಲೆ ಸಿಗಲ್ಲ. ಐರೋಪ್ಯ ಒಕ್ಕೂಟ 2023ರಲ್ಲಿ ಕಾನೂನು ಮಾಡಿತು, 2020ರ ಕೊನೆಯ ನಂತರ ಕಾಡು ಕಡಿದ ಜಾಗದ ದನ ಬೇಡ, ಸಾಕಿದ ಜಾಗ ನಕ್ಷೆಯಲ್ಲಿ ಗುರುತು ಮಾಡಿ ಕೊಡಿ ಅಂತ. ಜಾರಿಯನ್ನು ಮುಂದಕ್ಕೆ ಹಾಕುತ್ತಲೇ ಬಂದಿದ್ದಾರೆ. ಕಷ್ಟವೂ ಇದೆ ಅನ್ನಿ. ಕರು ಹುಟ್ಟುವುದು ಒಂದು ಕಡೆ, ಬೆಳೆಯುವುದು ಇನ್ನೊಂದು ಕಡೆ, ಕೊಬ್ಬುವುದು ಮೂರನೇ ಕಡೆ. ಕಾಡು ಕಡಿದ ಜಾಗದ ಕರುವನ್ನು ಕೊನೆಯ ತಿಂಗಳುಗಳಿಗೆ ದಾಖಲೆ ಸರಿಯಿರುವ ಒಂದು ತೋಟಕ್ಕೆ ಸಾಗಿಸಿದರೆ ಸಾಕು, ಕಸಾಯಿಖಾನೆಯ ಕಾಗದದಲ್ಲಿ ಆ ತೋಟದ ಹೆಸರು ಮಾತ್ರ ಇರುತ್ತದೆ. ಕರುವಿಗೆ ಹುಟ್ಟಿದ ವಾರದಲ್ಲೇ ಕಿವಿಗೆ ಟ್ಯಾಗ್ ಹಾಕಿ ಕೊನೆಯ ತನಕ ಹಿಂಬಾಲಿಸುವ ವ್ಯವಸ್ಥೆ ಇರುವ ದೇಶದ್ದಾದರೆ ಒಂದಿಷ್ಟು ನಂಬಬಹುದು.