ಸೆಕ್ಯುರಿಟಿ ಚೆಕ್‌ನಲ್ಲಿ ಬ್ಯಾಗ್ ಬಿಚ್ಚಿಸದ ಹಾಗೆ ಜೋಡಿಸುವುದು ಹೇಗೆ?

ಮೊದಲ_ಹಾರಾಟ:
ಇದು ಮೊದಲ ವಿಮಾನ ಪ್ರಯಾಣ. ಕ್ಯಾಬಿನ್ ಬ್ಯಾಗ್ ಒಂದೇ, ನಡುವೆ ಒಂದು ಕಡೆ ವಿಮಾನ ಬದಲಿಸಬೇಕು. ಬ್ಯಾಗಿನಲ್ಲಿ ಲ್ಯಾಪ್‌ಟಾಪ್, ಚಾರ್ಜರ್‌ಗಳು, 20,000 ಎಂಎಎಚ್ ಪವರ್ ಬ್ಯಾಂಕ್, ಕ್ಯಾಮೆರಾ, ನಾಲ್ಕು ರೋಲ್ ಫಿಲ್ಮ್, ಅರ್ಧ ಮುಗಿದಿರುವ 200 ಮಿ.ಲೀ. ಶಾಂಪೂ ಬಾಟಲಿ ಇರುತ್ತವೆ. ಜೊತೆಗೆ ಬರುವ ಹಿರಿಯರಿಗೆ ಪೇಸ್‌ಮೇಕರ್ ಹಾಕಿದ್ದಾರೆ. ಏನನ್ನು ಹೊರಗಿಡಬೇಕು, ಏನನ್ನು ಮೊದಲೇ ಹೇಳಬೇಕು?

ಬೆಲ್ಟ್‌ಪಕ್ಕ:
ಶಾಂಪೂ ಬಾಟಲಿ ಅಲ್ಲೇ ಉಳಿಯುತ್ತದೆ. ಒಳಗೆ ಎಷ್ಟಿದೆ ಅಂತ ಯಾರೂ ಅಳೆಯುವುದಿಲ್ಲ, ಬಾಟಲಿಯ ಮೇಲೆ ಬರೆದ ಅಳತೆಯೇ ಲೆಕ್ಕ. 2006ರಲ್ಲಿ ಬಂದ ಈ ನಿಯಮದ ಪ್ರಕಾರ ಒಂದೊಂದು ಡಬ್ಬಿ 100 ಮಿ.ಲೀ. ಮೀರಬಾರದು, ಎಲ್ಲವೂ ಒಂದು ಲೀಟರಿನ ಪಾರದರ್ಶಕ ಜಿಪ್ ಚೀಲದಲ್ಲಿ ಹಿಡಿಯಬೇಕು. ಟೂತ್‌ಪೇಸ್ಟ್, ಜಾಮ್, ಜೇನು, ಕ್ರೀಮ್ ಕೂಡ ದ್ರವದ ಲೆಕ್ಕಕ್ಕೇ ಬರುತ್ತವೆ. ಔಷಧಿ, ಮಗುವಿನ ಆಹಾರಕ್ಕೆ ವಿನಾಯಿತಿ ಇದೆ. ಆದರೆ ಅವನ್ನು ಬೇರೆಯಾಗಿ ತೆಗೆದಿಟ್ಟು, ಕೇಳುವ ಮೊದಲೇ ಹೇಳಿಬಿಡಿ.

ಬ್ಯಾಗ್ ಬಿಚ್ಚಿಸುವುದು ಹೆಚ್ಚಾಗಿ ನಿಷೇಧಿತ ವಸ್ತುವಿನಿಂದಲ್ಲ, ಜೋಡಿಸಿದ ರೀತಿಯಿಂದ. ಎಕ್ಸ್‌ರೇ ಪರದೆಯಲ್ಲಿ ಬಟ್ಟೆ, ಆಹಾರ, ಕಾಗದದಂಥವು ಕಿತ್ತಳೆ, ಲೋಹ ನೀಲಿ, ನಡುವಿನವು ಹಸಿರು. ಲ್ಯಾಪ್‌ಟಾಪ್ ಮೇಲೆ ಚಾರ್ಜರ್, ಅದರ ಮೇಲೆ ವೈರ್ ಸುರುಳಿ, ಪಕ್ಕದಲ್ಲಿ ದಪ್ಪ ಪುಸ್ತಕ ಬಿದ್ದರೆ ಎಲ್ಲ ಒಂದರ ಮೇಲೊಂದು ಕೂತು ಕಪ್ಪು ಗಡ್ಡೆಯಾಗಿ ಕಾಣುತ್ತದೆ. ದೊಡ್ಡ ಚಾಕೊಲೇಟ್ ಅಥವಾ ಚೀಸ್ ಗಟ್ಟಿಯ ಸಾಂದ್ರತೆ ಕೆಲವು ಸ್ಫೋಟಕಗಳಿಗೆ ಹತ್ತಿರ, ಹಾಗಾಗಿ ಅದಕ್ಕೂ ತಪಾಸಣೆ. ವೈರ್‌ಗಳನ್ನು ತೆಳು ಪೌಚಿನಲ್ಲಿ ಹರಡಿ ಇಡಿ. ಲ್ಯಾಪ್‌ಟಾಪನ್ನು ಹೊರತೆಗೆದು ಟ್ರೇಯಲ್ಲಿ ಒಂದೇ ಮಲಗಿಸಿ.

ಮೂರು_ಪದರ:
ಲ್ಯಾಪ್‌ಟಾಪ್ ವಿಷಯದಲ್ಲಿ ಒಂದು ತಿದ್ದುಪಡಿ. ಹೊಸ ಸಿಟಿ ಸ್ಕ್ಯಾನರ್ ಇರುವ ಕಡೆ ಅದನ್ನು ತೆಗೆಯುವುದೇ ಬೇಡ, ಯಂತ್ರವೇ ಚಿತ್ರವನ್ನು ಮೂರು ಆಯಾಮದಲ್ಲಿ ತಿರುಗಿಸಿ ತೋರಿಸುತ್ತದೆ. ಕೆಲವೆಡೆ ದ್ರವದ ಮಿತಿಯನ್ನೂ 2 ಲೀಟರಿಗೆ ಏರಿಸಿದ್ದಾರೆ. ಆದರೆ ನೀವು ವಿಮಾನ ಬದಲಿಸುವ ಕಡೆ ಹಳೆಯ ಯಂತ್ರವಿದ್ದರೆ? ಬಿಗಿ ನಿಯಮಕ್ಕೆ ತಕ್ಕಂತೆಯೇ ಕಟ್ಟಿಕೊಳ್ಳಿ.

ಅದೇ ಸಿಟಿ ಸ್ಕ್ಯಾನರ್ ಫಿಲ್ಮಿಗೆ ಶತ್ರು. ಕಡಿಮೆ ಐಎಸ್‌ಒ (ಬೆಳಕಿಗೆ ಕಡಿಮೆ ಸೂಕ್ಷ್ಮವಾದ) ಫಿಲ್ಮ್ ಹಳೆಯ ಎಕ್ಸ್‌ರೇಯಲ್ಲಿ ಒಂದೆರಡು ಸಲ ಬಚಾವಾದೀತು, ಸಿಟಿಯಲ್ಲಿ ಮಸುಕಾಗುತ್ತದೆ. ರೋಲ್‌ಗಳನ್ನು ಪಾರದರ್ಶಕ ಚೀಲದಲ್ಲಿ ಹಾಕಿ ಕೈಯಲ್ಲಿ ಹಿಡಿದು, ಬೆಲ್ಟಿಗೆ ಇಡುವ ಮೊದಲು 'ಹ್ಯಾಂಡ್ ಚೆಕ್' ಕೇಳಿ. ಎಕ್ಸ್‌ರೇ ತಡೆಯುವ ಸೀಸದ ಚೀಲಕ್ಕೆ ದುಡ್ಡು ಹಾಕಬೇಡಿ. ಒಳಗೇನಿದೆ ಅಂತ ಕಾಣದಿದ್ದರೆ ಬಿಚ್ಚಿಸಿಯೇ ಬಿಚ್ಚಿಸುತ್ತಾರೆ. ಚೆಕ್-ಇನ್ ಲಗೇಜಿಗಂತೂ ಫಿಲ್ಮ್ ಹಾಕಲೇಬೇಡಿ.

ಪವರ್ ಬ್ಯಾಂಕ್ ಕ್ಯಾಬಿನ್ನಿನಲ್ಲಿ ಮಾತ್ರ. 100 ವ್ಯಾಟ್-ಅವರ್ ಒಳಗಿದ್ದರೆ ಸಾಮಾನ್ಯವಾಗಿ ಸರಿ, 100ರಿಂದ 160ಕ್ಕೆ ವಿಮಾನ ಕಂಪನಿಯ ಒಪ್ಪಿಗೆ ಬೇಕು, ಅದರ ಮೇಲೆ ಇಲ್ಲ. ನಿಮ್ಮದು 20,000 × 3.7 ÷ 1000, ಅಂದರೆ 74. ಬಹಳ ಜನ ಯುಎಸ್‌ಬಿಯ 5 ವೋಲ್ಟಿನಿಂದ ಗುಣಿಸಿ ಹೆದರುತ್ತಾರೆ. ಲೆಕ್ಕಕ್ಕೆ ಬೇಕಿರುವುದು ಒಳಗಿನ ಸೆಲ್‌ನ ವೋಲ್ಟೇಜ್, ಅದೇ ಈ 3.7. ಮೇಲಿನ ಅಕ್ಷರ ಅಳಿಸಿಹೋಗಿದ್ದರೆ ಲೆಕ್ಕ ಸರಿ ಇದ್ದರೂ ತಪಾಸಣೆಯವರು ತೆಗೆದಿಟ್ಟುಕೊಳ್ಳಬಹುದು. ಹತ್ತುವಾಗ ಜಾಗವಿಲ್ಲ ಎಂದು ಕ್ಯಾಬಿನ್ ಬ್ಯಾಗನ್ನು ಕೆಳಗೆ ಕಳಿಸಿದರೆ ಪವರ್ ಬ್ಯಾಂಕ್ ತೆಗೆದುಕೊಳ್ಳಲು ಮರೆಯಬೇಡಿ. ಲಗೇಜ್ ಕೋಣೆಯಲ್ಲಿ ಹೊತ್ತಿಕೊಂಡರೆ ಸಿಬ್ಬಂದಿಯ ಕೈಗೆ ಸಿಗುವುದಿಲ್ಲ.

ಹಳದಿ_ಚೌಕ:
ಪೇಸ್‌ಮೇಕರ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಪೇಸ್‌ಮೇಕರಿನ ಗುರುತಿನ ಕಾರ್ಡ್ ಕೈಯಲ್ಲಿರಲಿ, ಬಾಗಿಲ ಚೌಕಟ್ಟಿನಂಥ ಮೆಟಲ್ ಡಿಟೆಕ್ಟರಿಗೆ ಕಾಲಿಡುವ ಮೊದಲೇ ಹೇಳಿ. ಮಾಮೂಲು ನಡಿಗೆಯಲ್ಲಿ ದಾಟಿದರೆ ತೊಂದರೆ ಇಲ್ಲ, ಅದಕ್ಕೆ ಒರಗಿ ನಿಲ್ಲಬಾರದು ಅಷ್ಟೆ. ಕೈಯಲ್ಲಿ ಹಿಡಿಯುವ ಡಿಟೆಕ್ಟರನ್ನು ಎದೆಯ ಮೇಲೆ ಹೆಚ್ಚು ಹೊತ್ತು ಹಿಡಿಯಬಾರದು. ಬದಲಿಗೆ ಕೈಯಿಂದ ತಪಾಸಣೆ ಮಾಡಿ ಎಂದು ಕೇಳಬಹುದು, ಖಾಸಗಿ ಕೋಣೆಯನ್ನೂ ಕೇಳಬಹುದು.

ಕೈ ಎತ್ತಿ ನಿಲ್ಲಿಸುವ ಬಾಡಿ ಸ್ಕ್ಯಾನರ್ ಬೇರೆ. ಅದು ಲೋಹವನ್ನಷ್ಟೇ ಅಲ್ಲ, ಜೇಬಿನ ಕರವಸ್ತ್ರ, ಮಡಚಿದ ಕಾಗದವನ್ನೂ ಗುರುತಿಸುತ್ತದೆ. ಬೆವರಿದ ಕಂಕುಳು, ಬಿಗಿದ ತುರುಬು, ದಪ್ಪ ಜಿಪ್ ಸಾಕು, ಪರದೆಯ ಬೊಂಬೆಯ ಮೇಲೆ ಹಳದಿ ಚೌಕ ಬಂದು ಅಷ್ಟು ಜಾಗವನ್ನು ಮುಟ್ಟಿ ನೋಡುತ್ತಾರೆ. ಮೂರು ಸೆಕೆಂಡ್ ಅಲ್ಲಾಡದೆ ನಿಂತರೆ ಎರಡನೇ ಸಲ ನಿಲ್ಲಿಸುವ ಸಾಧ್ಯತೆ ಕಡಿಮೆ.

ಕೈಗೆ ಬಟ್ಟೆ ಚೂರು ಒರೆಸಿ ಯಂತ್ರಕ್ಕೆ ಹಾಕುವುದು ಸ್ಫೋಟಕದ ಕಣ ಹುಡುಕಲು. ಗ್ಲಿಸರಿನ್ ಇರುವ ಹ್ಯಾಂಡ್ ಕ್ರೀಮ್, ರಸಗೊಬ್ಬರದ ಧೂಳು, ಎದೆನೋವಿನ ನೈಟ್ರೋಗ್ಲಿಸರಿನ್ ಮಾತ್ರೆಗೂ ಅದು ಕೂಗಿಕೊಳ್ಳಬಹುದು. ಹಿರಿಯರು ಆ ಮಾತ್ರೆ ತಗೊಳ್ಳುತ್ತಿದ್ದರೆ ವೈದ್ಯರ ಚೀಟಿ ಇಟ್ಟುಕೊಳ್ಳಿ.

ಮೊದಲ_ಹಾರಾಟ:
ಧನ್ಯವಾದ. ಡ್ಯೂಟಿ ಫ್ರೀಯಲ್ಲಿ ಕೊಂಡ ದ್ರವ ವಿಮಾನ ಬದಲಿಸುವಾಗ? ಮೊಬೈಲ್, ಪರ್ಸ್ ಟ್ರೇಯಲ್ಲೇ ಇಡಬೇಕಾ?

ಬೆಲ್ಟ್‌ಪಕ್ಕ:
ಅಂಗಡಿಯವರು ಸೀಲ್ ಮಾಡಿಕೊಡುವ ಚೀಲವನ್ನು ಕೊನೆಯ ಊರು ಮುಟ್ಟುವವರೆಗೆ ಒಡೆಯಬೇಡಿ, ರಸೀದಿ ಒಳಗೇ ಕಾಣುತ್ತಿರಲಿ. ಒಡೆದರೆ ಅದಕ್ಕೂ 100 ಮಿ.ಲೀ. ನಿಯಮವೇ. ನೀರಿನ ಬಾಟಲಿಯನ್ನು ಎರಡನೇ ತಪಾಸಣೆಗೂ ಖಾಲಿ ಮಾಡಿ.

ಪರ್ಸ್, ಮೊಬೈಲ್, ವಾಚ್, ಕೀ ಎಲ್ಲವನ್ನೂ ಸಾಲಿನಲ್ಲಿ ನಿಂತಾಗಲೇ ಬ್ಯಾಗಿನ ಜಿಪ್ ಜೇಬಿಗೆ ಹಾಕಿ. ಟ್ರೇಯಲ್ಲಿ ಬಿಡಿಯಾಗಿ ಬಿದ್ದದ್ದೇ ಮರೆತುಹೋಗುವುದು. ನಿಮ್ಮ ಸರದಿ ಬರುವ ಮೊದಲು ಟ್ರೇ ತಳ್ಳಬೇಡಿ. ನೀವಿನ್ನೂ ಈಚೆ ನಿಂತಿರುವಾಗ ಅದು ಆಚೆ ಯಾರ ಕಣ್ಣಿಗೂ ಬೀಳದೆ ಕೂತಿರುತ್ತದೆ.