ಸಹಾಯ ಬೇಕು: ಸೊಂಟ ವಾರೆಯೋ, ಬೆನ್ನುಮೂಳೆ ಸಡಿಲವೋ?

ನಮಸ್ಕಾರ. ಬದಿಯಡ್ಕದ ಹತ್ತಿರ ಅಡಿಕೆ ತೋಟ, ವಯಸ್ಸು 46. ಎರಡು ವರ್ಷದಿಂದ ಸೊಂಟನೋವು. ಬಗ್ಗಿ ಅಡಿಕೆ ಹೆಕ್ಕುವಾಗ ಅಷ್ಟೇನಿಲ್ಲ, ನೆಟ್ಟಗಾಗುವಾಗ ನಡುವಲ್ಲಿ ಟಕ್ಕಂತ ಹಿಡಿದುಕೊಳ್ಳುತ್ತದೆ, ತೊಡೆಗೆ ಕೈ ಊರಿಕೊಂಡೇ ಏಳಬೇಕು.

ಎಂಆರ್‌ಐ ಮಾಡಿಸಿದೆ. ಎಲ್‌4-ಎಲ್‌5 ಡಿಸ್ಕ್ (ಸೊಂಟದ ಕೆಳಗಿನ ಎರಡು ಬೆನ್ನುಮೂಳೆಗಳ ನಡುವಿನ ಮೆತ್ತೆ) ಸ್ವಲ್ಪ ಸವೆದಿದೆ, ನರಕ್ಕೆ ಒತ್ತಡ ಇಲ್ಲ ಅಂದರು. ಫಿಸಿಯೋ ಹೇಳುವುದು ಸೊಂಟದ ಎಲುಬು ಒಂದು ಬದಿಗೆ ವಾರೆಯಾಗಿದೆ, ಸರಿ ಕೂರಿಸಬೇಕು ಅಂತ. ಎಂಟು ಸಲ ಕೂರಿಸಿಕೊಂಡೆ, ಎರಡು ದಿನ ಹಾಯಾಗಿರುತ್ತದೆ, ಮೂರನೇ ದಿನ ಮತ್ತೆ ಅದೇ ಟಕ್. ಬೆಲ್ಟ್ ಕಟ್ಟಿದರೆ ಪರವಾಗಿಲ್ಲ, ಬಿಚ್ಚಿದರೆ ಅದೇ ಕಥೆ. ಎಣ್ಣೆ ಉಜ್ಜಿಸಿದ್ದಂತೂ ಲೆಕ್ಕವೇ ಇಲ್ಲ.

ಇನ್ನೊಬ್ಬ ಡಾಕ್ಟರು ಬೇರೆಯೇ ಹೇಳಿದರು. ವಾರೆ ಎಲ್ಲ ಸುಮ್ನೆ, ನೋವಿಲ್ಲದವರ ಸೊಂಟವೂ ಅಷ್ಟಿಷ್ಟು ವಾರೆಯೇ, ನಿಮಗೆ ಬೆನ್ನುಮೂಳೆ ಸಡಿಲವಾಗಿ ಜಾರುತ್ತಿರಬಹುದು, ಮಲಗಿ ತೆಗೆದ ಎಂಆರ್‌ಐಯಲ್ಲಿ ಅದು ಕಾಣದೆ ಹೋಗಬಹುದು, ನಿಂತು ಮುಂದಕ್ಕೆ ಹಿಂದಕ್ಕೆ ಬಗ್ಗಿ ಎಕ್ಸ್‌ರೇ ತೆಗೆಸಿ ಅಂತ. ಈಗ ನನ್ನ ಭಯ ಅದೇ, ಮೂಳೆ ನಿಜಕ್ಕೂ ಸಡಿಲವಿದ್ದರೆ ಹೀಗೆ ತಿರುಚಿ ಕೂರಿಸುವುದರಿಂದ ಜಾಸ್ತಿ ಆಗುವುದಿಲ್ವಾ? ಶುಕ್ರವಾರ ಒಂಬತ್ತನೇ ಸಲ ಬರಲು ಹೇಳಿದ್ದಾರೆ.

ಇದೇ ತೊಂದರೆ ಅನುಭವಿಸಿದವರು ಅಥವಾ ಫಿಸಿಯೋ ಕಲಿತವರು ಹೇಳಿ: ಶುಕ್ರವಾರದ್ದು ನಿಲ್ಲಿಸಿ ಮೊದಲು ಆ ಬಗ್ಗುವ ಎಕ್ಸ್‌ರೇ ತೆಗೆಸಲಾ, ಮಂಗಳೂರಲ್ಲಿ ಯಾವ ವಿಭಾಗದವರಿಗೆ ತೋರಿಸಬೇಕು?